ಬಾಯಿಯ ಬಿಳಿಯ ಒಕ್ಕಲು

"ಬಾಯಿ ತೆರೆಯಿರಿ" ಎಂದು ದಿನಕ್ಕೆ ಮೂವತ್ತು ನಲವತ್ತು ಸಲ ಹೇಳುವುದು ನನ್ನ ವೃತ್ತಿ. ಹಾಗೆ ಹೇಳಿದಾಗ ಕೆಲವರು ತಟ್ಟನೆ ತೆರೆಯುತ್ತಾರೆ, ಕೆಲವರು ನಾಚುತ್ತಾರೆ, ಇನ್ನು ಕೆಲವರಿಗೆ ಮನಸ್ಸಿದ್ದರೂ ಎರಡು ಬೆರಳು ತೂರುವಷ್ಟಕ್ಕಿಂತ ಹೆಚ್ಚು ತೆರೆಯಲಾಗುವುದಿಲ್ಲ. ಆ ಕೊನೆಯವರ ವಿಷಯವನ್ನು ಮುಂದೆ ಹೇಳುತ್ತೇನೆ. ಹಲ್ಲುನೋವಿನವರು ನನ್ನಲ್ಲಿಗೆ ಬರುವುದು ಕಡಿಮೆ. ಹಲ್ಲುಗಳ ಸುತ್ತಲಿನ ಕೆಂಪನೆಯ ತೇವದ ಪೊರೆ ಇದೆಯಲ್ಲ, ಕೆನ್ನೆಯ ಒಳಬದಿ, ನಾಲಿಗೆ, ಅಂಗುಳು, ತುಟಿಯ ಒಳಮೈ, ಇವುಗಳಿಗೆ ಬರುವ ಕಾಯಿಲೆಗಳೇ ನನ್ನ ಪಾಲಿಗೆ ಬಂದಿವೆ. ಇಂಥ ರೋಗಿಗಳಲ್ಲಿ ಅನೇಕರು ಕೈಯಲ್ಲಿ ಒಂದು ಚೀಟಿಯನ್ನು ಹಿಡಿದೇ ಬರುತ್ತಾರೆ. ಬೇರೆಲ್ಲೋ ಬಾಯಿಯ ಪರೀಕ್ಷೆ ಮಾಡಿಸಿದ ಪ್ರಯೋಗಾಲಯದ ಚೀಟಿ ಅದು. 'ಕ್ಯಾಂಡಿಡಾ ಕಂಡುಬಂದಿದೆ' ಎಂದು ಅದರಲ್ಲಿ ಒಂದು ಸಾಲು. "ಬಾಯಲ್ಲಿ ಬೂಷ್ಟು ಬೆಳೆದಿದೆಯಂತೆ ಡಾಕ್ಟ್ರೇ, ಅದಕ್ಕೇ ಈ ಉರಿ" ಎಂದು ರೋಗನಿರ್ಣಯವನ್ನೂ ಅವರೇ ಮುಗಿಸಿರುತ್ತಾರೆ.

ಆ 'ಅದಕ್ಕೇ' ಎಂಬ ಒಂದು ಪದದ ಬಗ್ಗೆಯೇ ಇಂದು ನಾನು ಮಾತನಾಡಬೇಕೆಂದಿರುವುದು. ಅದು ಎಷ್ಟು ಸುಲಭವಾಗಿ ಬಾಯಿಗೆ ಬರುವ ಮಾತೋ ಅಷ್ಟೇ ಅಪಾಯದ ಮಾತು. ಅದನ್ನು ರೋಗಿಗಳು ಮಾತ್ರ ಆಡುತ್ತಾರೆಂದಲ್ಲ, ನಾನೂ ಆಡಿದ್ದೇನೆ. ಒಮ್ಮೆ ಅದನ್ನು ಆಡಿದ್ದರ ಬೆಲೆಯನ್ನು ಬೇರೊಬ್ಬರು ತೆತ್ತರು.

ಮೊದಲು ಈ ಜೀವಿಯ ಪರಿಚಯವಾಗಲಿ. ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ, ಬೆಳಗಿನ ಸಿಹಿ ನೀರಾವನ್ನು ಹೊತ್ತೇರುವಷ್ಟರಲ್ಲಿ ಹೆಂಡವಾಗಿಸುವ ಯೀಸ್ಟ್ ನಮಗೆಲ್ಲ ಗೊತ್ತಿರುವಂಥದೇ. ನಾಯಿಕೊಡೆ, ಬೂಷ್ಟು ಮೊದಲಾದ ಶಿಲೀಂಧ್ರಗಳ ದೊಡ್ಡ ವಂಶದಲ್ಲಿ ಒಂಟಿ ಕೋಶವಾಗಿ ಬಾಳುವ ಕವಲು ಅದು. ಕ್ಯಾಂಡಿಡಾ ಅದರ ದಾಯಾದಿ. ಒಂದು ಕೋಶದ ಅಡ್ಡಳತೆ ಸುಮಾರಾಗಿ ಒಂದು ಮಿಲಿಮೀಟರಿನ ಇನ್ನೂರನೆಯ ಒಂದು ಪಾಲು. ತಾಯಿಕೋಶದ ಮೈಯಿಂದ ಮೊಗ್ಗಿನಂತೆ ಮರಿಕೋಶ ಹೊರಟು, ಬಲಿತು, ಬೇರೆಯಾಗುತ್ತದೆ. ಈ ಕುಲದಲ್ಲಿ ಹಲವು ಜಾತಿಗಳಿವೆ. ಮನುಷ್ಯರ ಬಾಯಿಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು 'ಕ್ಯಾಂಡಿಡಾ ಆಲ್ಬಿಕನ್ಸ್' ಎಂಬುದು.

ಹೆಸರಿನಲ್ಲೊಂದು ಸ್ವಾರಸ್ಯವಿದೆ, ಸಾಹಿತ್ಯಪ್ರಿಯರಿಗೆ ಹೇಳದೆ ಮುಂದೆ ಹೋಗಲಾರೆ. ಹತ್ತಾರು ಹೆಸರುಗಳನ್ನು ಹೊತ್ತು ಅಲೆದ ಈ ಜೀವಿಗೆ ಕ್ಯಾಂಡಿಡಾ ಎಂಬ ಕುಲನಾಮವನ್ನು ಕೊಟ್ಟವರು ನೆದರ್ಲೆಂಡ್ಸಿನ ಕ್ರಿಸ್ಟೀನ್ ಬರ್ಕೌಟ್ ಎಂಬಾಕೆ, ೧೯೨೩ರಲ್ಲಿ, ತಮ್ಮ ಡಾಕ್ಟರೇಟ್ ಪ್ರಬಂಧದಲ್ಲಿ. ಲ್ಯಾಟಿನ್ನಿನಲ್ಲಿ ಅದರ ಅರ್ಥ ಹೊಳೆಯುವ ಬಿಳುಪು. ಹಿಂದೆ ರೋಮ್ ನಗರದಲ್ಲಿ ಅಧಿಕಾರದ ಸ್ಥಾನಗಳಿಗೆ ಸ್ಪರ್ಧಿಸುತ್ತಿದ್ದವರು ಸೀಮೆಸುಣ್ಣ ತಿಕ್ಕಿ ಬೆಳ್ಳಗಾಗಿಸಿದ ನಿಲುವಂಗಿ ತೊಟ್ಟು ಜನರ ಮುಂದೆ ಬರುತ್ತಿದ್ದರಂತೆ. ಇಂಗ್ಲಿಷಿನಲ್ಲಿ ಉಮೇದುವಾರನಿಗೆ 'ಕ್ಯಾಂಡಿಡೇಟ್' ಎಂಬ ಹೆಸರು ಬಂದದ್ದು ಆ ಬಿಳಿಯ ಉಡುಪಿನಿಂದ. 'ಆಲ್ಬಿಕನ್ಸ್' ಎಂದರೂ ಬೆಳ್ಳಗಾಗುತ್ತಿರುವುದು ಎಂದೇ ಅರ್ಥ. ಬಿಳಿಯದರ ಮೇಲೆ ಬಿಳಿಯದು, ಪುನರುಕ್ತಿ ದೋಷ! ಆದರೆ ಉಮೇದುವಾರ ಎಂಬ ಅರ್ಥಚ್ಛಾಯೆ ಇದಕ್ಕೆ ಚೆನ್ನಾಗಿಯೇ ಒಪ್ಪುತ್ತದೆ. ಜಾಗ ತೆರವಾಗುವುದನ್ನೇ ಕಾಯುತ್ತ ಕುಳಿತಿರುವ ಸ್ವಭಾವ ಇದರದು.

ಎಲ್ಲಿ ಕುಳಿತಿರುತ್ತದೆ? ಈಗ ಇದನ್ನು ಕೇಳುತ್ತಿರುವ ನಿಮ್ಮಲ್ಲಿ ಅನೇಕರ ಬಾಯಿಯಲ್ಲಿ. ಗಾಬರಿ ಬೇಡ. ಯಾವ ಕಾಯಿಲೆಯೂ ಇಲ್ಲದವರ ಬಾಯಿಯನ್ನು ಪರೀಕ್ಷಿಸಿದಾಗ, ಪರೀಕ್ಷಿಸುವ ಕ್ರಮಕ್ಕೆ ತಕ್ಕಂತೆ, ಸುಮಾರಾಗಿ ಮೂವರಲ್ಲಿ ಒಬ್ಬರಿಂದ ಹಿಡಿದು ಇಬ್ಬರಲ್ಲಿ ಒಬ್ಬರವರೆಗೆ ಈ ಯೀಸ್ಟ್ ಸಿಗುತ್ತದೆ. ಹತ್ತಿಯಿಂದ ಕೆನ್ನೆಯ ಒಂದು ಮೂಲೆಯನ್ನು ಸವರಿ ಹುಡುಕಿದರೆ ಕಡಿಮೆ ಸಿಕ್ಕೀತು. ನೀರು ಮುಕ್ಕಳಿಸಿ ಉಗುಳಿಸಿ ಹುಡುಕಿದರೆ ಹೆಚ್ಚು ಸಿಕ್ಕೀತು. ಪ್ರಯೋಗಾಲಯದಲ್ಲಿ ಅದನ್ನು ಬೆಳೆಸುವುದು ಕಷ್ಟವೇನಲ್ಲ. ಸಬುರೋ ಎಂಬ ಫ್ರೆಂಚ್ ವೈದ್ಯರ ಹೆಸರಿನಲ್ಲಿ ಕರೆಯುವ, ಸಕ್ಕರೆ ಬೆರೆಸಿದ ಹೆಪ್ಪಿನಂಥ ಅಗರ್‌ನ ಮೇಲೆ ಬಾಯಿಯ ಮಾದರಿಯನ್ನು ಸವರಿ ನಮ್ಮ ಮೈಯಷ್ಟೇ ಬಿಸಿ ಇರುವ ಪೆಟ್ಟಿಗೆಯಲ್ಲಿಟ್ಟರೆ, ಒಂದೆರಡು ದಿನಗಳಲ್ಲಿ ಹಾಲಿನ ಕೆನೆಯ ಹನಿ ಚೆಲ್ಲಿದಂತೆ ದುಂಡನೆಯ ಬಿಳಿಯ ಬೊಟ್ಟುಗಳು ಏಳುತ್ತವೆ. ಮುಚ್ಚಳ ತೆಗೆದರೆ ಬೇಕರಿಯ ವಾಸನೆ. ಒಂದೊಂದು ಬೊಟ್ಟೂ ಒಂದೊಂದು ಸಂಸಾರ. ಅವನ್ನು ಎಣಿಸಬಹುದು. ಎಣಿಕೆ ಹೆಚ್ಚಿದ್ದಷ್ಟೂ ರೋಗದ ಸಂಶಯ ಹೆಚ್ಚು. ಆದರೆ ಇಲ್ಲಿಯವರೆಗೆ ಆರೋಗ್ಯ, ಇಲ್ಲಿಂದಾಚೆ ರೋಗ ಎಂದು ಗೆರೆ ಎಳೆಯಬಲ್ಲ ಸಂಖ್ಯೆ ಯಾವುದೂ ಇಲ್ಲ.

ಇಷ್ಟು ಜನರ ಬಾಯಿಯಲ್ಲಿದ್ದೂ ಅದು ಸುಮ್ಮನಿರುವುದೇಕೆ? ಬಾಯಿ ಸುಮ್ಮನಿರುವುದಿಲ್ಲ, ಅದಕ್ಕೆ. ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಜೊಲ್ಲು ಸುರಿದು ಬಾಯಿಯನ್ನು ತೊಳೆಯುತ್ತಿರುತ್ತದೆ. ಆ ಜೊಲ್ಲಿನಲ್ಲಿ ಯೀಸ್ಟನ್ನೇ ಕೊಲ್ಲುವ ಹಿಸ್ಟಾಟಿನ್ ಎಂಬ ಪ್ರೋಟೀನುಗಳಿವೆ. ಅದಕ್ಕೆ ಬೇಕಾದ ಕಬ್ಬಿಣದ ಅಂಶವನ್ನು ದಕ್ಕಗೊಡದೆ ಬಚ್ಚಿಡುವ ಲ್ಯಾಕ್ಟೋಫೆರಿನ್ ಇದೆ. ಒಳಪೊರೆಯ ಮೇಲ್ಪದರದ ಕೋಶಗಳು ಸತತವಾಗಿ ಕಳಚಿ ಬೀಳುತ್ತವೆ. ಅವಕ್ಕೆ ಅಂಟಿಕೊಂಡ ಯೀಸ್ಟೂ ಅವುಗಳ ಜೊತೆಗೇ ಹೊಟ್ಟೆಗೆ ಇಳಿದುಹೋಗುತ್ತದೆ. ಜಗುಲಿಯಲ್ಲಿ ಮಲಗಿದವನ ಚಾಪೆಯನ್ನೇ ಎಳೆದುಹಾಕುವ ಉಪಾಯವಿದು. ಇದರ ಮೇಲೆ ನೂರಾರು ಜಾತಿಯ ಬ್ಯಾಕ್ಟೀರಿಯಗಳು ಇರುವ ಜಾಗವನ್ನೆಲ್ಲ ಮೊದಲೇ ಹಿಡಿದುಕೊಂಡಿವೆ. ಇವೆಲ್ಲದರ ನಡುವೆ ಕ್ಯಾಂಡಿಡಾ ಮೂಲೆಯ ಒಕ್ಕಲಿನಂತೆ ತಲೆಬಗ್ಗಿಸಿಕೊಂಡು ಬಾಳುತ್ತದೆ. ಒಂದು ಜೀವಿ ನಮ್ಮಲ್ಲಿ ಬೀಡುಬಿಟ್ಟಿರುವುದು ಬೇರೆ, ಅದು ನಮ್ಮಲ್ಲಿ ರೋಗ ಹೂಡುವುದು ಬೇರೆ. ಪ್ರಯೋಗಾಲಯದ ಚೀಟಿ ಮೊದಲನೆಯದನ್ನು ಮಾತ್ರ ಹೇಳಬಲ್ಲುದು.

ಈ ವ್ಯತ್ಯಾಸ ವೈದ್ಯರಿಗೂ ಸುಲಭದಲ್ಲಿ ತಿಳಿದದ್ದಲ್ಲ. ೧೮೩೯ರಲ್ಲಿ ಜರ್ಮನಿಯ ಬರ್ನ್‌ಹಾರ್ಡ್ ಫಾನ್ ಲಾಂಗೆನ್‌ಬೆಕ್, ಆಗಿನ್ನೂ ಮೂವತ್ತು ತುಂಬದ ತರುಣ, ಅಂದು ಟೈಫಸ್ ಎಂದು ಕರೆಯುತ್ತಿದ್ದ ಜ್ವರದಿಂದ ತೀರಿಕೊಂಡವನೊಬ್ಬನ ಅನ್ನನಾಳದಲ್ಲಿ ಬಿಳಿಯ ಪೊರೆಯನ್ನು ಕಂಡು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಅದರಲ್ಲಿ ಶಿಲೀಂಧ್ರದ ಎಳೆಗಳನ್ನು ಗುರುತಿಸಿದರು. ಅದ್ಭುತವಾದ ಶೋಧ. ಕೂಡಲೆ ಅವರು ತೆಗೆದ ತೀರ್ಮಾನವೆಂದರೆ ಆ ಜ್ವರಕ್ಕೆ ಈ ಶಿಲೀಂಧ್ರವೇ ಕಾರಣ ಎಂದು! ಜ್ವರದಿಂದ ಮೈ ಬಸವಳಿದದ್ದರಿಂದ ಶಿಲೀಂಧ್ರ ಬೆಳೆಯಿತೆಂಬ ಉಲ್ಟಾ ದಾರಿ ಅವರಿಗೆ ಹೊಳೆಯಲಿಲ್ಲ. ಮುಂದೆ ಬರ್ಲಿನ್ನಿನಲ್ಲಿ ಅವರು ಹೆಸರಾಂತ ಶಸ್ತ್ರವೈದ್ಯರಾದರೆಂಬುದನ್ನೂ ಹೇಳಬೇಕು. ತಪ್ಪು ಮಾಡುವವರು ದಡ್ಡರೇ ಆಗಿರಬೇಕಿಲ್ಲ. ಕೆಲವೇ ವರ್ಷಗಳಲ್ಲಿ ಸ್ಟಾಕ್‌ಹೋಮಿನ ಬರ್ಗ್, ಪ್ಯಾರಿಸ್ಸಿನ ಗ್ರೂಬಿ ಹಾಲುಗೂಸುಗಳ ಬಾಯಿಯ ಬಿಳಿಪೊರೆಯಲ್ಲಿ ಇದೇ ಬಗೆಯ ಶಿಲೀಂಧ್ರವನ್ನು ತೋರಿಸಿದರು. ಅಲ್ಲಿ ಅದು ನಿಜಕ್ಕೂ ರೋಗಕಾರಕ. ಹಾಲು ಕುಡಿದ ಗುರುತೆಂದು ತಾಯಿ ಒರೆಸಲು ಹೋದರೆ ಪೊರೆ ಎದ್ದು ಕೆಳಗೆ ಕೆಂಪಾದ ಹಸಿ ಚರ್ಮ ಕಾಣುತ್ತದೆ. ನನ್ನ ವಯಸ್ಸಿನವರಿಗೆ ಕೂಸುಗಳ ಬಾಯಿಗೆ ಬಳಿಯುತ್ತಿದ್ದ ನೇರಳೆ ಬಣ್ಣದ ಜೆನ್ಶನ್ ವಯೊಲೆಟ್ ನೆನಪಿರಬಹುದು. ಕೂಸು, ತಾಯಿಯ ಸೆರಗು, ಅಜ್ಜಿಯ ಕೈ ಎಲ್ಲವೂ ವಾರಗಟ್ಟಲೆ ನೇರಳೆ.

ಹೀಗೆ ಒಂದೇ ದಶಕದೊಳಗೆ ಒಂದೇ ಜೀವಿ ಒಂದು ಕಡೆ ನಿಜವಾದ ಅಪರಾಧಿಯಾಗಿ, ಇನ್ನೊಂದು ಕಡೆ ಅಪರಾಧ ನಡೆದ ಜಾಗದಲ್ಲಿ ಸಿಕ್ಕಿಬಿದ್ದ ಅಪರಿಚಿತನಾಗಿ ಕಾಣಿಸಿಕೊಂಡಿತು. ಇವೆರಡನ್ನೂ ಬೇರ್ಪಡಿಸುವುದು ಹೇಗೆ? ರೋಗಿಗಳಲ್ಲೆಲ್ಲ ಇರಬೇಕು, ಆರೋಗ್ಯವಂತರಲ್ಲಿ ಇರಬಾರದು, ಆಗ ಮಾತ್ರ ಒಂದು ಜೀವಿಯನ್ನು ರೋಗಕಾರಣವೆನ್ನಬಹುದು ಎಂಬುದು ರಾಬರ್ಟ್ ಕಾಕ್ ಅವರ ಹೆಸರಿನೊಂದಿಗೆ ಸೇರಿಕೊಂಡ ನಿಯಮ. ಆದರೆ ೧೮೮೪ರಲ್ಲಿ ಕಲ್ಕತ್ತೆಯಲ್ಲಿ ಕುಳಿತು ಕಾಲರಾದ ಬ್ಯಾಕ್ಟೀರಿಯವನ್ನು ಗುರುತಿಸಿದ ಆ ಮಹನೀಯರೇ, ಅದೇ ಬ್ಯಾಕ್ಟೀರಿಯ ಆರೋಗ್ಯವಂತರಲ್ಲೂ ಇರಬಹುದೆಂಬುದನ್ನು ಮುಂದೆ ಒಪ್ಪಿಕೊಳ್ಳಬೇಕಾಯಿತು. ಕ್ಯಾಂಡಿಡಾದ ಮುಂದಂತೂ ಆ ನಿಯಮ ನಿಲ್ಲುವಂತೆಯೇ ಇಲ್ಲ.

ಈಗ ಕಾಯಿಲೆಯ ಬಾಯಿಗೆ ಬರೋಣ. ಒಳಪೊರೆ ಬೇರೆ ಯಾವುದೋ ಕಾರಣದಿಂದ ಕೆಟ್ಟಿರುವ ಬಾಯಿಗಳಲ್ಲಿ ಈ ಯೀಸ್ಟ್ ಹೆಚ್ಚು ಜನರಲ್ಲಿ, ಹೆಚ್ಚು ಸಂಖ್ಯೆಯಲ್ಲಿ ಸಿಗುತ್ತದೆ ಎಂಬುದು ಒಟ್ಟಾರೆಯಾಗಿ ಕಂಡುಬಂದಿರುವ ಸಂಗತಿ. ಎಲ್ಲ ಅಧ್ಯಯನಗಳೂ ಒಂದೇ ಮಾತನ್ನು ಹೇಳುವುದಿಲ್ಲ. ಬೀಡಿ ಸಿಗರೇಟು ಸೇದುವವರು, ಸಕ್ಕರೆ ಕಾಯಿಲೆಯವರು, ಹಲ್ಲುಸೆಟ್ಟು ತೊಟ್ಟವರು, ಬಾಯಿ ಒಣಗಿದ ಮುದುಕರು ಇವರಲ್ಲಿ ಹೇಗೂ ಯೀಸ್ಟ್ ಹೆಚ್ಚು; ಬಾಯಿಯ ಕಾಯಿಲೆಯವರಲ್ಲಿ ಇಂಥವರೇ ಹೆಚ್ಚಾಗಿದ್ದರೆ ಲೆಕ್ಕ ಗೋಜಲಾಗುತ್ತದೆ.

ಲೈಕನ್ ಪ್ಲೇನಸ್ ಎಂಬುದೊಂದು ಕಾಯಿಲೆ. ೧೮೬೯ರಲ್ಲಿ ಲಂಡನ್ನಿನ ಎರಾಸ್ಮಸ್ ವಿಲ್ಸನ್ ಇಟ್ಟ ಹೆಸರು. ನಡುವಯಸ್ಸು ದಾಟಿದ ಹೆಂಗಸರಲ್ಲಿ ಹೆಚ್ಚು. ಎರಡೂ ಕೆನ್ನೆಗಳ ಒಳಗೆ, ರಂಗೋಲಿಯ ಸಣ್ಣ ಎಳೆ ಎಳೆದಂತೆ, ಬಿಳಿಯ ಜಾಲರಿ ಮೂಡುತ್ತದೆ, ನೋಡಲು ಚೆಂದವೇ. ಕೆಲವರಲ್ಲಿ ಆ ಎಳೆಗಳ ನಡುವೆ ಚರ್ಮ ಸವೆದು, ಕೆಂಪಾಗಿ, ಒಂದು ತುತ್ತು ಸಾರನ್ನವೂ ಬೆಂಕಿಯಾಗುತ್ತದೆ. ಮೈಯನ್ನು ಕಾಯಬೇಕಾದ ಬಿಳಿ ರಕ್ತಕಣಗಳು ತನ್ನದೇ ಒಳಪೊರೆಯ ತಳದ ಸಾಲನ್ನು ಶತ್ರುವೆಂದು ತಿಳಿದು ಹೊಡೆಯುವುದು ಈ ಕಾಯಿಲೆಯ ಮೂಲ. ಅವನ್ನು ಹದ್ದಿನಲ್ಲಿಡಲು ನಾವು ಸ್ಟೀರಾಯ್ಡ್ ಮುಲಾಮು ಕೊಡುತ್ತೇವೆ. ಜಗಳವಾಡುವ ಕಾವಲುಗಾರರಿಗೆ ನಿದ್ದೆಯ ಮದ್ದು ಕೊಟ್ಟಂತೆ. ಕಾವಲುಗಾರರು ಮಲಗಿದರೆ ಮೂಲೆಯ ಒಕ್ಕಲಿಗೆ ಅಂಗಳವೆಲ್ಲ ತನ್ನದೇ. ಮೂರನೆಯ ವಾರದಲ್ಲಿ ಆ ತಾಯಿ ಬಂದು "ಮೊದಲು ಕಡಿಮೆಯಾಗಿತ್ತು, ಈಗ ಮತ್ತೆ ಉರಿ" ಎಂದಾಗ, ಕಾಯಿಲೆ ಮರುಕಳಿಸಿತೆಂದು ಇನ್ನಷ್ಟು ಸ್ಟೀರಾಯ್ಡ್ ಕೊಡುವ ವೈದ್ಯ ಉರಿಗೆ ಎಣ್ಣೆ ಸುರಿಯುತ್ತಾನೆ. ಇಲ್ಲಿ ಯೀಸ್ಟನ್ನು ಹುಡುಕಬೇಕು, ಓಡಿಸಬೇಕು. ಹಾಗೆ ಓಡಿಸಿದ ಮೇಲೂ ರಂಗೋಲಿ ಇದ್ದೇ ಇರುತ್ತದೆ. ಅದನ್ನು ಇಟ್ಟವರು ಬೇರೆ.

ಬಾಯಿ ತೆರೆಯಲಾಗದವರ ವಿಷಯ ಹೇಳುತ್ತೇನೆಂದಿದ್ದೆ. ೧೯೫೨ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕದ ಕೀನ್ಯದಲ್ಲಿ ನೆಲೆಸಿದ್ದ ಐವರು ಭಾರತೀಯ ಹೆಂಗಸರಲ್ಲಿ ಕೆನ್ನೆಯ ಒಳಭಾಗ ಬಿಳಿಚಿ, ಬಿಗಿದು, ಬಾಯಿ ಮುಚ್ಚಿಕೊಳ್ಳುತ್ತ ಹೋಗುವ ವಿಚಿತ್ರ ಸ್ಥಿತಿಯನ್ನು ವರ್ಣಿಸಿದರು. ಮರುವರ್ಷ ಮುಂಬಯಿಯ ಡಾ. ಜೋಶಿ ಇದಕ್ಕೆ ಒಳಪೊರೆಯ ಕೆಳಗಿನ ನಾರುಗಟ್ಟುವಿಕೆ ಎಂಬರ್ಥದ ಹೆಸರಿಟ್ಟರು. ಇದರ ಕಾರಣ ನಮ್ಮ ತೋಟಗಳಲ್ಲೇ ಬೆಳೆಯುತ್ತದೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಕವಳ ಹಾಕದ ಮಾತುಕತೆಯನ್ನು, ತಾಂಬೂಲವಿಲ್ಲದ ಮದುವೆಯನ್ನು ನಮ್ಮ ಹಿರಿಯರು ಊಹಿಸಲಾರರು. ಅಡಿಕೆಯಲ್ಲಿರುವ ಅರೆಕೋಲಿನ್ ನಾರು ನೇಯುವ ಕೋಶಗಳನ್ನು ಕೆರಳಿಸುತ್ತದೆ. ಅದರ ಒಗರಿನ ಅಂಶ ನೇಯ್ದ ನಾರು ಕರಗದಂತೆ ಗಟ್ಟಿಮಾಡುತ್ತದೆ. ತಪ್ಪೆಲ್ಲ ಹೊಗೆಸೊಪ್ಪಿನದು, ಅಡಿಕೆ ಪಾಪ ನಿರಪರಾಧಿ ಎಂದು ನಾನೂ ಬಹುಕಾಲ ನಂಬಿದ್ದೆ. ನಮ್ಮ ಮನೆಯಲ್ಲೇ ಅಡಿಕೆಯ ಚೀಲಗಳಿದ್ದವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುವೆಂದು ಸ್ಪಷ್ಟವಾಗಿ ಹೇಳಿದ ಮೇಲೆ ಆ ನೆಪವೂ ಉಳಿಯಲಿಲ್ಲ. ಈ ನಾರುಗಟ್ಟಿದ ಬಾಯಿಯೊಳಗೆ ಹಲ್ಲುಜ್ಜುವ ಬ್ರಷ್ಷೇ ಹೋಗುವುದಿಲ್ಲ. ಮೇಲ್ಪದರ ತೆಳುವಾಗಿ ಹಪ್ಪಳದಂತಾಗಿರುತ್ತದೆ. ಯೀಸ್ಟಿಗೆ ತೊಂದರೆ ಕೊಡುವವರು ಅಲ್ಲಿ ಕಡಿಮೆ.

ಎಲ್ಲಕ್ಕಿಂತ ಜಟಿಲವಾದದ್ದು ಲ್ಯೂಕೋಪ್ಲೇಕಿಯ, ಬಿಳಿಯ ಮಚ್ಚೆ. ಕೂಸಿನ ಬಾಯಿಯ ಬಿಳಿಪೊರೆ ಒರೆಸಿದರೆ ಏಳುತ್ತದೆ; ಇದು ಏಳುವುದಿಲ್ಲ. ಚರ್ಮವೇ ದಪ್ಪವಾಗಿ, ಅಂಗಾಲಿನಂತೆ ಒರಟಾಗಿ, ಬೆಳ್ಳಗಾಗಿರುತ್ತದೆ. ಹೊಗೆಸೊಪ್ಪು, ಬೀಡಿ, ಅಡಿಕೆಗಳ ಸಹವಾಸದಲ್ಲಿ ಬರುವ ಇಂಥ ಮಚ್ಚೆಗಳಲ್ಲಿ ಹೆಚ್ಚಿನವು ವರ್ಷಾನುಗಟ್ಟಲೆ ಹಾಗೆಯೇ ಇರುತ್ತವೆ. ಕೆಲವು ಕ್ಯಾನ್ಸರಿಗೆ ತಿರುಗುತ್ತವೆ. ಬಿಳುಪಿನ ನಡುವೆ ಕೆಂಪು ಚುಕ್ಕೆಗಳಿದ್ದರೆ ಭಯ ಹೆಚ್ಚು. ಅಂಥ ಕೆಂಪು ಬಿಳುಪು ಬೆರೆತ ಮಚ್ಚೆಗಳಲ್ಲೇ, ಅದರಲ್ಲೂ ತುಟಿ ಕೂಡುವ ಮೂಲೆಯ ಹಿಂದೆ, ಕ್ಯಾಂಡಿಡಾ ಹೆಚ್ಚಾಗಿ ಸಿಗುವುದು. ೧೯೬೦ರ ದಶಕದಿಂದ ಬಾಯಿಯ ವೈದ್ಯರು ಈ ಜೋಡಿಯ ಬಗ್ಗೆ ವಾದಿಸುತ್ತಲೇ ಇದ್ದಾರೆ. ಯೀಸ್ಟ್ ಬಂದು ಮಚ್ಚೆಯನ್ನು ಮಾಡಿತೋ, ಮಚ್ಚೆಯ ದಪ್ಪ ಪದರ ಹಾಯಾದ ನೆಲೆಯೆಂದು ಯೀಸ್ಟ್ ಬಂದು ಸೇರಿತೋ?

ಯೀಸ್ಟಿನ ಪರವಾಗಿ ವಾದಿಸಲು ಹೊರಟವರಿಗೆ ಅದರ ಇನ್ನೊಂದು ಅವತಾರವನ್ನು ತೋರಿಸಬೇಕು. ದುಂಡನೆಯ ಕೋಶವಾಗಿ ಬಾಳುವ ಇದು ಸಮಯ ಬಂದಾಗ ಮೈ ಚಾಚಿ ಉದ್ದನೆಯ ಎಳೆಯಾಗುತ್ತದೆ. ಪ್ರಯೋಗಾಲಯದಲ್ಲಿ ರಕ್ತದ ಸೀರಮ್ಮಿನ ಒಂದು ಹನಿಯಲ್ಲಿ ಎರಡು ಮೂರು ಗಂಟೆ ಬೆಚ್ಚಗಿಟ್ಟರೆ ಸಾಕು, ಹೆಸರುಕಾಳು ಮೊಳೆತಂತೆ ಕೋಶದಿಂದ ಮೊಳಕೆ ಹೊರಡುವುದನ್ನು ಕಣ್ಣಾರೆ ಕಾಣಬಹುದು. ಈ ಎಳೆಗಳು ಒಳಪೊರೆಯ ಕೋಶಗಳನ್ನು ಕೊರೆದು ನುಗ್ಗುತ್ತವೆ. ಅವು ಸ್ರವಿಸುವ ಒಂದು ವಿಷ ನಮ್ಮ ಕೋಶಗಳ ಗೋಡೆಗೆ ತೂತು ಹಾಕುತ್ತದೆಂಬುದನ್ನು ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು ಮತ್ತವರ ಜೊತೆಗಾರರು ೨೦೧೬ರಲ್ಲಿ ಪ್ರಕಟಿಸಿದರು. ಅದರ ಹೆಸರು ಕ್ಯಾಂಡಿಡಾಲೈಸಿನ್. ದುಂಡು ರೂಪದಲ್ಲಿರುವಾಗ ಈ ವಿಷ ಹುಟ್ಟುವುದಿಲ್ಲವೆನ್ನಬಹುದು. ಆದ್ದರಿಂದ ಚೀಟಿಯಲ್ಲಿ 'ಇದೆ' ಎಂದಿದ್ದರೆ ಸಾಲದು. ಯಾವ ವೇಷದಲ್ಲಿದೆ ಎಂಬುದನ್ನು ಗಾಜಿನ ಮೇಲೆ ಸವರಿ ನೋಡಬೇಕು. ಕೆಲವು ಕ್ಯಾಂಡಿಡಾ ತಳಿಗಳು ಕ್ಯಾನ್ಸರ್ ತರಬಲ್ಲ ನೈಟ್ರೋಸಮೀನುಗಳನ್ನು ತಯಾರಿಸಬಲ್ಲವು, ಮದ್ಯವನ್ನು ಇನ್ನಷ್ಟು ಕೆಟ್ಟ ಅಸಿಟಾಲ್ಡಿಹೈಡ್ ಆಗಿ ಮಾರ್ಪಡಿಸಬಲ್ಲವು ಎಂಬುದೂ ಪ್ರಯೋಗಾಲಯದಲ್ಲಿ ಕಂಡಿದೆ. ಬಲ್ಲವು ಎಂಬುದಕ್ಕೂ ಮನುಷ್ಯನ ಕೆನ್ನೆಯಲ್ಲಿ ಹಾಗೆ ಮಾಡಿ ಕ್ಯಾನ್ಸರ್ ತಂದವು ಎಂಬುದಕ್ಕೂ ನಡುವೆ ದೊಡ್ಡ ಕಂದಕವಿದೆ, ಅದಿನ್ನೂ ಮುಚ್ಚಿಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಯೀಸ್ಟ್ ಬಹುಪಾಲು ಹಿಂಬಾಲಕ. ಬಂದ ಮೇಲೆ ಇದ್ದ ಗಾಯವನ್ನು ಕೆದಕುವ ಹಿಂಬಾಲಕ. ಆದರೆ ಈ ಅಭಿಪ್ರಾಯಕ್ಕೆ ನಾನು ತಡವಾಗಿ ಬಂದೆ.

ಹದಿನೆಂಟು ವರ್ಷಗಳ ಹಿಂದಿನ ಮಾತು. ಮಲೆನಾಡಿನ ಅಂಚಿನ ಒಂದೂರಿನಿಂದ ನಿವೃತ್ತ ಶಾಲಾ ಮೇಷ್ಟ್ರೊಬ್ಬರು ಬಂದರು. ಅರವತ್ತಮೂರು ವಯಸ್ಸು, ಚಿಕ್ಕದೊಂದು ಅಡಿಕೆ ತೋಟ, ಹುಡುಗಪ್ರಾಯದಿಂದ ಹೊಗೆಸೊಪ್ಪು ಹಾಕಿದ ಕವಳದ ಅಭ್ಯಾಸ. ಎಡಗೆನ್ನೆಯಲ್ಲಿ ತುಟಿಯ ಮೂಲೆಯ ಹಿಂದೆ ರೂಪಾಯಿ ನಾಣ್ಯದಷ್ಟು ಬಿಳಿಯ ಮಚ್ಚೆ, ನಡುವೆ ಕೆಂಪು. ಮೂರು ತಿಂಗಳಿಂದ ಹುಳಿ, ಖಾರ ಸೋಕಿಸುವಂತಿಲ್ಲ. ಚಪ್ಪಟೆ ಕಡ್ಡಿಯಿಂದ ಕೆರೆದೆ. ಮೊಸರಿನಂಥದು ಒಂದಿಷ್ಟು ಎದ್ದಿತು. ಗಾಜಿನ ಮೇಲೆ ನೋಡಿದರೆ ಯೀಸ್ಟಿನ ಎಳೆಗಳು ಧಾರಾಳವಾಗಿದ್ದವು. "ಬೂಷ್ಟು ಬೆಳೆದಿದೆ ಮೇಷ್ಟ್ರೇ, ಅದಕ್ಕೇ ಉರಿ" ಎಂದೆ. ಶಿಲೀಂಧ್ರವನ್ನು ಕೊಲ್ಲುವ ಹನಿಮದ್ದು ಕೊಟ್ಟು, ಕವಳ ಬಿಡಿರೆಂದು ಹೇಳಿ ಕಳುಹಿಸಿದೆ.

ಎರಡು ವಾರಕ್ಕೆ ಸರಿಯಾಗಿ ಬಂದರು. ಮುಖದಲ್ಲಿ ನಗು. ಉರಿ ಹೋಗಿತ್ತು, ಕೆಂಪು ತಗ್ಗಿತ್ತು. ಬಿಳಿಯ ಮಚ್ಚೆ ಮಾತ್ರ ಅಲ್ಲೇ ಇತ್ತು. ನಾನು ಅದನ್ನು ನೋಡಲಿಲ್ಲವೆಂದಲ್ಲ. ನೋಡಿದೆ, 'ಮಸುಕಾಗಿದೆ' ಎಂದು ಪುಸ್ತಕದಲ್ಲಿ ಬರೆದೂ ಇದ್ದೇನೆ. ಆ ಪುಟ ಈಗಲೂ ನನ್ನಲ್ಲಿದೆ. ಯೀಸ್ಟನ್ನು ಓಡಿಸಿದ ಮೇಲೆ ಉಳಿದದ್ದು ಏನೇ ಇರಲಿ, ಅದರಿಂದ ಅಕ್ಕಿಕಾಳಿನಷ್ಟು ತುಣುಕು ತೆಗೆದು ಪರೀಕ್ಷೆಗೆ ಕಳುಹಿಸಬೇಕು. ಇದು ಪಾಠಪುಸ್ತಕದ ಮಾತು, ನಾನೇ ವಿದ್ಯಾರ್ಥಿಗಳಿಗೆ ಹೇಳುತ್ತಿದ್ದದ್ದು. ಆ ದಿನ ಹೊರಗೆ ಬಹಳ ಜನ ಕಾದಿದ್ದರು. ಮದ್ದು ಕೆಲಸ ಮಾಡಿದೆ, ಆದ್ದರಿಂದ ಕಾರಣ ಸಿಕ್ಕಿದೆ ಎಂಬ ಸಮಾಧಾನವೂ ಇತ್ತು. "ಇನ್ನು ಬರಬೇಕೇ ಡಾಕ್ಟ್ರೇ?" ಎಂದು ಕೇಳಿದರು. "ಮತ್ತೆ ಉರಿ ಬಂದರೆ ಬನ್ನಿ" ಎಂದೆ.

ಉರಿ ಬರಲಿಲ್ಲ. ಅವರೂ ಬರಲಿಲ್ಲ. ಎಂಟು ತಿಂಗಳ ಮೇಲೆ ಮಗ ಕರೆದುಕೊಂಡು ಬಂದಾಗ ಮಚ್ಚೆಯ ಅಂಚು ಬೆರಳಿಗೆ ಕಲ್ಲಿನಂತೆ ಸಿಕ್ಕಿತು. ದವಡೆಯ ಕೆಳಗೆ ಗಂಟು. ತುಣುಕಿನ ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಬಂತು. ಆರಂಭದ ಕ್ಯಾನ್ಸರಿಗೆ ನೋವಿಲ್ಲ, ಉರಿಯಿಲ್ಲ. ಉರಿಯುತ್ತಿದ್ದದ್ದು ಯೀಸ್ಟಿನಿಂದ. ಅವರನ್ನು ನನ್ನ ಬಾಗಿಲಿಗೆ ಕರೆತಂದಿದ್ದ ಆ ಒಂದು ಉರಿಯನ್ನು ನಾನೇ ಆರಿಸಿ, ಅದು ಮರಳಿದರೆ ಬನ್ನಿ ಎಂದು ಹೇಳಿ ಕಳುಹಿಸಿದ್ದೆ.

ಯೀಸ್ಟಿನ ಮದ್ದನ್ನು ಇದಕ್ಕಾಗಿ ಹಳಿಯುವುದು ನನ್ನ ಉದ್ದೇಶವಲ್ಲ. ಆ ಬಗೆಯ ಮದ್ದುಗಳಲ್ಲಿ ಮನುಷ್ಯರಿಗೆ ಕೊಡಬಹುದಾದಂಥ ಮೊದಲಿನವುಗಳಲ್ಲಿ ಒಂದಾದ ನಿಸ್ಟಾಟಿನ್ನಿನ ಕಥೆ ಬಹಳ ಸೊಗಸಾದದ್ದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಎಲಿಜಬೆತ್ ಹೇಜನ್, ರೇಚಲ್ ಬ್ರೌನ್ ಎಂಬ ಇಬ್ಬರು ಹೆಂಗಸರು ಬೇರೆ ಬೇರೆ ಊರುಗಳಲ್ಲಿ ಕೆಲಸ ಮಾಡುತ್ತ, ಮಣ್ಣಿನ ಮಾದರಿಗಳನ್ನೂ ಅವುಗಳಿಂದ ತೆಗೆದ ಸಾರವನ್ನೂ ಗಾಜಿನ ಜಾಡಿಗಳಲ್ಲಿ ಅಂಚೆಯ ಮೂಲಕ ಪರಸ್ಪರ ಕಳುಹಿಸಿಕೊಳ್ಳುತ್ತಿದ್ದರು. ವರ್ಜೀನಿಯದ ಒಂದು ಹೈನುಗಾರಿಕೆಯ ತೋಟದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಸಿಕ್ಕಿದ ಈ ಮದ್ದನ್ನು ೧೯೫೦ರಲ್ಲಿ ಪ್ರಕಟಿಸಿ, ತಮ್ಮ ರಾಜ್ಯದ ಹೆಸರಿನಿಂದಲೇ ಕರೆದರು. ಅದರಿಂದ ಬಂದ ಒಂದು ಕೋಟಿಗೂ ಮಿಕ್ಕ ಡಾಲರು ಗೌರವಧನವನ್ನು ವಿಜ್ಞಾನದ ಕೆಲಸಕ್ಕೇ ಬಿಟ್ಟುಕೊಟ್ಟರು. ೧೯೬೬ರ ಪ್ರವಾಹದಲ್ಲಿ ನೆನೆದ ಫ್ಲಾರೆನ್ಸಿನ ಕಲಾಕೃತಿಗಳಿಗೆ ಬೂಷ್ಟು ಹಿಡಿದಾಗಲೂ ಇದೇ ಮದ್ದು ನೆರವಾಯಿತು.

ಯೀಸ್ಟ್ ತಾನೇ ದೊಡ್ಡ ರೋಗವಲ್ಲದಿದ್ದರೂ ದೊಡ್ಡದೊಂದರ ಸುದ್ದಿಯನ್ನು ಮೊದಲು ತರುವುದುಂಟು. ೧೯೮೧ರ ಜೂನ್ ತಿಂಗಳಲ್ಲಿ ಲಾಸ್ ಏಂಜಲಿಸ್ಸಿನ ಐವರು ತರುಣರಲ್ಲಿ ಅಪರೂಪದ ಶ್ವಾಸಕೋಶದ ಸೋಂಕು ಕಂಡುಬಂದ ವರದಿಯೊಂದು ಪ್ರಕಟವಾಯಿತು. ಐವರಿಗೂ ಲೋಳೆಪೊರೆಯ ಕ್ಯಾಂಡಿಡಾ ಸೋಂಕಿತ್ತು. ಏಡ್ಸ್ ಎಂಬ ಹೆಸರೇ ಇನ್ನೂ ಹುಟ್ಟಿರಲಿಲ್ಲ. ಕಾರಣವಿಲ್ಲದೆ ವಯಸ್ಕರ ಬಾಯಿ ಬೆಳ್ಳಗಾದರೆ ನಾವು ಇಂದಿಗೂ ರಕ್ತದ ಸಕ್ಕರೆಯನ್ನು, ಇನ್ನಿತರ ಪರೀಕ್ಷೆಗಳನ್ನು ಮಾಡಿಸುವುದು ಇದಕ್ಕಾಗಿ. ಉಬ್ಬಸಕ್ಕೆ ಸ್ಟೀರಾಯ್ಡ್ ಪುಡಿಯನ್ನು ಸೇದುವವರು ಸೇದಿದ ಕೂಡಲೆ ಬಾಯಿ ಮುಕ್ಕಳಿಸಬೇಕು. ಹಲ್ಲುಸೆಟ್ಟಿನವರು ರಾತ್ರಿ ಅದನ್ನು ತೆಗೆದು ತೊಳೆದಿಡಬ

ೇಕು, ಸೆಟ್ಟಿನ ಕೆಳಗೆ ಅಂಗುಳು ಕೆಂಪಾಗಿದ್ದರೂ ಅನೇಕರಿಗೆ ನೋವೇ ತಿಳಿಯುವುದಿಲ್ಲ.

ಮೇಷ್ಟ್ರಿಗೆ ಶಸ್ತ್ರಕ್ರಿಯೆಯಾಯಿತು, ಆಮೇಲೆ ವಿಕಿರಣ ಚಿಕಿತ್ಸೆ. ಅದು ಮುಗಿದ ಕೆಲವು ವಾರಗಳ ಮೇಲೆ ಅವರು ನನ್ನಲ್ಲಿಗೇ ಬಂದರು. ಬೇರೊಬ್ಬರಲ್ಲಿಗೆ ಹೋಗಬಹುದಿತ್ತು, ಏಕೆ ಹೋಗಲಿಲ್ಲವೆಂದು ನಾನು ಕೇಳಲಿಲ್ಲ. ಕೈಯಲ್ಲಿ ನೀರಿನ ಬಾಟಲಿ, ಮಾತಿಗೊಮ್ಮೆ ಒಂದು ಗುಟುಕು. ವಿಕಿರಣದಿಂದ ಜೊಲ್ಲಿನ ಗ್ರಂಥಿಗಳು ಬತ್ತಿದ್ದವು. ಬಾಯಿ ತೆರೆದರೆ ನಾಲಿಗೆ, ಅಂಗುಳು, ಉಳಿದ ಕೆನ್ನೆ ಎಲ್ಲವೂ ಮೊಸರು ಚೆಲ್ಲಿದಂತೆ ಬೆಳ್ಳಗಿತ್ತು. ಒರೆಸಿದೆ, ಎದ್ದಿತು, ಕೆಳಗೆ ಹಸಿ ಕೆಂಪು. ಗಾಜಿನ ತುಂಬ ಎಳೆಗಳು. ಈ ಸಲ ಸಂಶಯವಿರಲಿಲ್ಲ, ಯೀಸ್ಟೇ ಕಾಯಿಲೆ. ಆದರೂ ಶಸ್ತ್ರಕ್ರಿಯೆಯ ಗಾಯದ ಗುರುತಿನುದ್ದಕ್ಕೂ ಬೆರಳಾಡಿಸಿ, ಕುತ್ತಿಗೆಯನ್ನು ಎರಡೆರಡು ಸಲ ಮುಟ್ಟಿ ನೋಡಿದೆ. ಏನೂ ಸಿಗಲಿಲ್ಲ. ಅದೇ ಹನಿಮದ್ದನ್ನು ಬರೆದುಕೊಟ್ಟೆ.

ಹತ್ತು ದಿನಗಳಲ್ಲಿ ಬಾಯಿ ತಿಳಿಯಾಗಿತ್ತು; ಮೆತ್ತಗೆ ಕಲಸಿದ ಸಾರನ್ನ ಉಂಡೆನೆಂದರು. ಖಾಲಿ ಸೀಸೆಯನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, "ಆವತ್ತು ಕೊಟ್ಟದ್ದೂ ಇದೇ ಅಲ್ಲವೇ ಡಾಕ್ಟ್ರೇ?" ಎಂದು ಕೇಳಿದರು. ಹೌದೆಂದೆ. ಅವರು ಸ್ವಲ್ಪ ಹೊತ್ತು ಸೀಸೆಯನ್ನೇ ನೋಡುತ್ತಿದ್ದು, ಎದ್ದು ನಿಂತು, ಚೀಟಿಗಾಗಿ ಕೈಚಾಚಿ, "ಇನ್ನು ಯಾವಾಗ ಬರಲಿ?" ಎಂದರು.

ಉರಿ ಇರಲಿ ಬಿಡಲಿ, ಮುಂದಿನ ತಿಂಗಳ ಎರಡನೆಯ ಸೋಮವಾರ ಎಂದು ಬರೆದುಕೊಟ್ಟೆ.